ದೂರದ ಬೆಟ್ಟವೂ ಹತ್ತಿರದ ಓಟವೂ

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಅದನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಅಂಕ ಗಳಿಸಿದವರು. ಆದರೂ ಈಚೆಗೆ ನಮ್ಮಲ್ಲಿ ಕೆಲವರಿಗೆ ಬೆಟ್ಟವನ್ನು ದೂರದಿಂದ ನೋಡಿದರೆ ತೃಪ್ತಿಯಿಲ್ಲ. ಹತ್ತಿರ ಹೋಗಿ ನೋಡಿದರೂ ಸಾಲದು, ಹತ್ತಿದರೂ ಸಾಲದು, ಅದರ ಮೇಲೆ ಓಡಬೇಕು. ಓಡುವುದೂ ಒಂದು ಮೈಲಿ ಎರಡು ಮೈಲಿಯಲ್ಲ, ಒಂದು ಮ್ಯಾರಥಾನಿನಷ್ಟು ದೂರ ಓಡಬೇಕು. ಇದಕ್ಕೆ ಟ್ರೇಲ್ ಮ್ಯಾರಥಾನ್ ಎಂದು ಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೆಟ್ಟದ ಕಾಲುದಾರಿಯ ಓಟ.

ಕಳೆದ ವರ್ಷ ನಮ್ಮ ಸಹಪಾಠಿಯೊಬ್ಬ ಇಂಥ ಓಟವೊಂದನ್ನು ಮುಗಿಸಿಕೊಂಡು, ಅಂಗೈಯಗಲದ ಪದಕವನ್ನು ಕೊರಳಿಗೆ ಹಾಕಿಕೊಂಡು ಸೋಮವಾರ ಕಾಲೇಜಿಗೆ ಬಂದ. ಅಂದು ಕ್ಯಾಂಟೀನಿನಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡವು. “ಬಸ್ಸು ಹೋಗುವ ಊರಿಗೆ ಓಡಿಕೊಂಡು ಹೋಗುವುದು ಹುಚ್ಚಲ್ಲದೆ ಮತ್ತೇನು?” ಎಂದಿತು ಒಂದು ಪಕ್ಷ. “ಇದು ಮಾನವನ ಸಂಕಲ್ಪ ಶಕ್ತಿಯ ವಿಜಯ” ಎಂದಿತು ಇನ್ನೊಂದು. ಎರಡನೆಯ ಪಕ್ಷದವರು ಅಂದಿನ ಕಾಫಿಗೆ ಆ ಪದಕದವನಿಂದಲೇ ದುಡ್ಡು ಕೊಡಿಸಿದರೆಂಬುದನ್ನು ಇಲ್ಲಿ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ನಾನು ಆಗ ಯಾವ ಪಕ್ಷಕ್ಕೂ ಸೇರಿರಲಿಲ್ಲ. ಅನಂತರ ನಾನೂ ಒಂದು ಬೆಟ್ಟದ ಓಟಕ್ಕೆ ಹೋಗಿ, ಅದನ್ನು ಮುಗಿಸಲಾರದೆ ಹಿಂದಿರುಗಿ ಬಂದೆ. ಈಗ ಈ ವಿಷಯದಲ್ಲಿ ನನಗೊಂದು ಅಭಿಪ್ರಾಯವುಂಟಾಗಿದೆ. ಬೆಟ್ಟದ ಓಟ ಒಳ್ಳೆಯದು. ನಮ್ಮಂಥ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳಿಗೆ ಬಹಳ ಒಳ್ಳೆಯದು. ಆದರೆ ಇಂದು ಅದನ್ನು ಓಡುತ್ತಿರುವ ರೀತಿ ಅಷ್ಟು ಒಳ್ಳೆಯದಲ್ಲ. ಗಡಿಯಾರದೊಡನೆ ಓಡುವುದನ್ನು ಬಿಟ್ಟು ಮನುಷ್ಯರೊಡನೆ ಓಡುವುದನ್ನು ನಾವು ಕಲಿಯಬೇಕು. ಇದನ್ನು ಸಹಪಾಠಿ ಮಿತ್ರರ ಮುಂದೆಯೂ ಅಧ್ಯಾಪಕ ವರ್ಗದವರ ಮುಂದೆಯೂ ವಿನಯದಿಂದ ಇಡುತ್ತೇನೆ.

ಮೊದಲು ವಿಷಯದ ಸ್ವರೂಪವನ್ನು ನೋಡೋಣ. ಮ್ಯಾರಥಾನ್ ಎಂಬುದು ಗ್ರೀಸ್ ದೇಶದ ಒಂದು ಬಯಲಿನ ಹೆಸರು. ಕ್ರಿ.ಪೂ. ೪೯೦ರಲ್ಲಿ ಅಲ್ಲಿ ನಡೆದ ಯುದ್ಧದ ಜಯವಾರ್ತೆಯನ್ನು ಅಥೆನ್ಸ್ ನಗರಕ್ಕೆ ಓಡಿ ತಂದ ದೂತನೊಬ್ಬ, ವಾರ್ತೆಯನ್ನು ಹೇಳಿ ಅಲ್ಲಿಯೆ ಪ್ರಾಣ ಬಿಟ್ಟನೆಂದು ದಂತಕಥೆ. ೧೮೯೬ರಲ್ಲಿ ಅಥೆನ್ಸಿನಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಮೊದಲಾದಾಗ ಈ ಓಟವನ್ನೂ ಸೇರಿಸಿದರು. ಅದನ್ನು ಗೆದ್ದವನು ಸ್ಪಿರಿಡಾನ್ ಲೂಯಿಸ್ ಎಂಬ ಗ್ರೀಕ್ ಹಳ್ಳಿಗ. ಅಥೆನ್ಸಿಗೆ ನೀರು ಸಾಗಿಸುವುದು ಅವನ ಕಸುಬಾಗಿತ್ತು. ೧೯೦೮ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ೨೬ ಮೈಲಿ ೩೮೫ ಗಜ, ಎಂದರೆ ೪೨.೧೯೫ ಕಿಲೋಮೀಟರು, ೧೯೨೧ರಲ್ಲಿ ಈ ಓಟದ ಶಾಶ್ವತ ದೂರವೆಂದು ನಿಶ್ಚಯವಾಯಿತು. ಮೊದಲ ಒಲಿಂಪಿಕ್ ಮ್ಯಾರಥಾನನ್ನು ಗೆದ್ದವನು ನೀರು ಹೊತ್ತು ಬದುಕುತ್ತಿದ್ದ ಬಡವನೆಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಅದರಿಂದ ನನಗೆ ಪ್ರಯೋಜನವಿದೆ.

ಡಾಮರು ರಸ್ತೆಯ ಓಟಕ್ಕೂ ಬೆಟ್ಟದ ಓಟಕ್ಕೂ ಅಜಗಜಾಂತರ. ರಸ್ತೆಯಲ್ಲಿ ದೂರವೊಂದೇ ಲೆಕ್ಕ. ಬೆಟ್ಟದಲ್ಲಿ ಏರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ೧೮೯೨ರಲ್ಲಿಯೆ ಇದಕ್ಕೊಂದು ಸೂತ್ರವನ್ನು ಹೇಳಿದ್ದಾನೆ: ನಡೆಯುವವನು ಪ್ರತಿ ಮೂರು ಮೈಲಿಗೆ ಒಂದು ಗಂಟೆಯನ್ನು, ಅದರ ಮೇಲೆ ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆಯನ್ನು ಇಟ್ಟುಕೊಳ್ಳಬೇಕು. ಆರು ಸಾವಿರ ಅಡಿ ಏರಿರುವ ಮ್ಯಾರಥಾನ್ ದೂರವನ್ನು ಈ ಸೂತ್ರದಂತೆ ನಡೆದರೆ ಹನ್ನೆರಡು ಗಂಟೆಗೆ ಕಾಲು ಗಂಟೆ ಕಡಿಮೆಯಾದೀತು. ಆದುದರಿಂದಲೆ ಕಡಿದಾದ ಏರು ಬಂದೊಡನೆ ಬಹುಮಂದಿ ಓಟಗಾರರು ಓಟವನ್ನು ಬಿಟ್ಟು, ಎರಡು ಕೈಗಳನ್ನೂ ತೊಡೆಗಳ ಮೇಲೆ ಊರಿ ನಡೆಯುತ್ತಾರೆ. ಬೆಟ್ಟದ ಓಟದಲ್ಲಿ ನಡೆಯುವುದು ಅವಮಾನವಲ್ಲ. ನಡೆಯಬೇಕಾದಲ್ಲಿ ನಡೆಯದಿರುವುದೆ ಅವಿವೇಕ. ಹತ್ತುವಾಗ ಉಸಿರು ಪರೀಕ್ಷೆಗೆ ಕೂರುತ್ತದೆ, ಇಳಿಯುವಾಗ ಮೊಣಕಾಲು. ಇಳಿಜಾರಿನಲ್ಲಿ ತೊಡೆಯ ಮಾಂಸಖಂಡಗಳು ದೇಹದ ಭಾರವನ್ನೆಲ್ಲ ಹಿಡಿದಿಡುತ್ತಲೆ ಎಳೆಯಲ್ಪಡುವುದರಿಂದ, ಮರುದಿನ ಮೆಟ್ಟಿಲು ಇಳಿಯುವ ಓಟಗಾರನ ಮುಖವನ್ನು ನೋಡಿದರೆ ಅವನು ಬೆಟ್ಟದಿಂದ ಬಂದವನೆಂದು ಯಾರು ಬೇಕಾದರೂ ಹೇಳಬಹುದು.

ಇಂಥ ಓಟಗಳು ಜಗತ್ತಿನಲ್ಲೆಲ್ಲ ನಡೆಯುತ್ತವೆ. ಯೂರೋಪಿನಲ್ಲಿ ೨೦೦೩ರಿಂದ ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತಿ ಬರುವ ಸುಮಾರು ೧೭೦ ಕಿಲೋಮೀಟರಿನ ಓಟ ಪ್ರಸಿದ್ಧವಾಗಿದೆ. ನಮ್ಮ ದೇಶದ ಲಡಾಖಿನಲ್ಲಿ ೨೦೧೨ರಿಂದ ಮ್ಯಾರಥಾನ್ ನಡೆಯುತ್ತಿದೆ. ನಮ್ಮ ನಾಡಿನಲ್ಲಿ ಶ್ರೀರಂಗಪಟ್ಟಣದ ಬಳಿ ನಾಲೆಯ ಏರಿಯ ಮೇಲೆ ಓಡುವ ಕಾವೇರಿ ಟ್ರೇಲ್ ಮ್ಯಾರಥಾನ್ ಹಳೆಯದು. ಅದು ಬಯಲುಸೀಮೆಯ ಓಟ. ಘಟ್ಟದ ಓಟ ಬೇಕೆಂಬವರಿಗೆ ಕಾಫಿ ತೋಟಗಳ ನಡುವೆ ಹಾಯ್ದು ಐವತ್ತು ಕಿಲೋಮೀಟರಿಗೂ ಮೀರಿ ಹೋಗುವ ಮಲ್ನಾಡ್ ಅಲ್ಟ್ರಾ ಮೊದಲಾದವು ಇವೆ. ಬೆಂಗಳೂರಿನಿಂದ ಕಾರುಗಳಲ್ಲಿ ಹೋಗುವ ಕಂಪ್ಯೂಟರ್ ಕಚೇರಿಗಳ ನೌಕರರೆ ಇವುಗಳಲ್ಲಿ ಹೆಚ್ಚಾಗಿ ಕಾಣುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ವಾರವಿಡೀ ಕುರ್ಚಿಯಲ್ಲಿ ಕುಳಿತವರಿಗೆ ಕಾಲಿದೆಯೆಂಬ ನೆನಪಾದರೆ ಅದು ಸಂತೋಷದ ಸಂಗತಿಯೆ.

ಆದರೆ ಇದರಿಂದ ನಮ್ಮ ಕಾಲೇಜಿನ ಹುಡುಗರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ದೂರದ ಓಟವು ಹಣವಂತರ ಆಟ, ಸಾವಿರಾರು ರೂಪಾಯಿನ ಬೂಟು, ಕೈಗಡಿಯಾರ, ಪ್ರವೇಶ ಶುಲ್ಕ ಇವಿಲ್ಲದವರಿಗೆ ಅಲ್ಲಿ ಸ್ಥಳವಿಲ್ಲ, ಎಂದು. ಇದು ಚರಿತ್ರೆಗೆ ವಿರುದ್ಧವಾದ ಮಾತು. ೧೯೨೦ರಲ್ಲಿ ಬೆಲ್ಜಿಯಮ್ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಿಗೆ ಭಾರತದಿಂದ ಹೋದ ಚಿಕ್ಕ ತಂಡದಲ್ಲಿ ಮ್ಯಾರಥಾನ್ ಓಡಿದವರೊಬ್ಬರು ನಮ್ಮ ಬೆಳಗಾವಿಯವರು, ಫಡೆಪ್ಪ ದರೆಪ್ಪ ಚೌಗುಲೆ. ಅದಕ್ಕೆ ಹಿಂದೆ ಪುಣೆಯ ಡೆಕ್ಕನ್ ಜಿಮಖಾನದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ರೈತಾಪಿ ಹುಡುಗರನ್ನು ಕಂಡು ಬೆರಗಾದ ಸರ್ ದೊರಾಬ್ಜಿ ಟಾಟಾ ಅವರು, ಇಂಥವರನ್ನು ಒಲಿಂಪಿಕ್ಸಿಗೆ ಕಳುಹಿಸಬೇಕೆಂದು ಮುಂದೆ ಬಂದರು. ಚೌಗುಲೆಯವರು ಆ ಓಟವನ್ನು ೨ ಗಂಟೆ ೫೦ ನಿಮಿಷಗಳಲ್ಲಿ, ಮೇಲೆ ಕೆಲವು ಸೆಕೆಂಡುಗಳಲ್ಲಿ, ಮುಗಿಸಿ ೧೯ನೆಯವರಾದರು. ಅಂದಿನ ದೂರವು ಇಂದಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚಾಗಿತ್ತೆಂಬುದನ್ನೂ ಗಮನಿಸಬೇಕು. ಬೆಳಗಾವಿಯ ಈ ಮಹನೀಯರ ಹೆಸರು ನಮ್ಮ ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ಗೊತ್ತು? ಕ್ರಿಕೆಟ್ ಆಟಗಾರರ ನಾಯಿಯ ಹೆಸರು ಬಲ್ಲ ನಾವು, ನಮ್ಮ ನಾಡಿನ ಮೊದಲ ಒಲಿಂಪಿಕ್ ಓಟಗಾರನನ್ನು ಅರಿಯೆವು. ನೀರು ಹೊರುವ ಲೂಯಿಸನನ್ನೂ ಬೆಳಗಾವಿಯ ಚೌಗುಲೆಯವರನ್ನೂ ನೆನೆದರೆ, ಓಟವೆಂಬುದು ಬಡವನ ಸ್ವತ್ತೆಂದೂ ಅದನ್ನು ಹಣವಂತರು ಈಚೆಗೆ ಬಾಡಿಗೆಗೆ ಪಡೆದಿದ್ದಾರೆಂದೂ ಹೇಳಬೇಕಾಗುತ್ತದೆ.

ಇನ್ನು ನನ್ನ ಅನುಭವಕ್ಕೆ ಬರುತ್ತೇನೆ. ಆತ್ಮಪ್ರಶಂಸೆ ಸಲ್ಲದೆಂದು ಹಿರಿಯರು ಹೇಳುತ್ತಾರೆ. ಇಲ್ಲಿ ಪ್ರಶಂಸೆಗೆ ಅವಕಾಶವೆ ಇಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತೇನೆ. ಅಣ್ಣನನ್ನು ಕಾಡಿ ಬೇಡಿ, ನನ್ನ ಒಂದು ವರ್ಷದ ಬಸ್ ಪಾಸಿಗಿಂತ ಹೆಚ್ಚಿನ ಹಣವನ್ನು ಪ್ರವೇಶ ಶುಲ್ಕವಾಗಿ ಕಟ್ಟಿ, ಘಟ್ಟದ ಕಾಫಿ ಸೀಮೆಯಲ್ಲಿ ನಡೆದ ಒಂದು ಓಟಕ್ಕೆ ಹೋದೆ. ಬೆಳಗಿನ ಜಾವ, ಮಂಜು, ಸಿಲ್ವರ್ ಮರಗಳ ಸಾಲು, ಅವುಗಳ ಮೇಲೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಹಸುರು ಕಾಯಿ ಕಚ್ಚಿದ ಕಾಫಿ ಗಿಡಗಳು. ಎಲ್ಲವೂ ಚೆನ್ನಾಗಿತ್ತು. ಎಲ್ಲವೂ ಚೆನ್ನಾಗಿದ್ದಿರಬೇಕು ಎಂದರೆ ಹೆಚ್ಚು ಸರಿ. ಏಕೆಂದರೆ ನನ್ನ ಕಣ್ಣು ಅರ್ಧ ಹೊತ್ತು ಕಾಲಡಿಯ ಕಲ್ಲಿನ ಮೇಲೂ ಉಳಿದರ್ಧ ಹೊತ್ತು ಮುಂಗೈಯ ಗಡಿಯಾರದ ಮೇಲೂ ಇತ್ತು. ಹದಿನೆಂಟನೆಯ ಕಿಲೋಮೀಟರಿನ ಬಳಿ ಒದ್ದೆ ಎಲೆಗಳ ಕೆಳಗಿದ್ದ ಬೇರಿಗೆ ಕಾಲು ಸಿಕ್ಕಿ ಉಳುಕಿತು. ಬಿದ್ದೆ. ನನ್ನ ಹಿಂದೆ ಬರುತ್ತಿದ್ದವರಲ್ಲಿ ಒಬ್ಬರು “ಆರ್ ಯು ಓಕೆ?” ಎಂದು ಕೇಳುತ್ತ, ಉತ್ತರವನ್ನು ಕೇಳಿಸಿಕೊಳ್ಳದೆ ಮುಂದೆ ಹೋದರು. ಇನ್ನೊಬ್ಬರು ಗಡಿಯಾರವನ್ನು ನೋಡಿಕೊಂಡು ಹೋದರು. ಅವರನ್ನು ದೂರುವುದಿಲ್ಲ. ಅದಕ್ಕೆ ಹಿಂದೆ ಹತ್ತನೆಯ ಕಿಲೋಮೀಟರಿನಲ್ಲಿ ದಾರಿಯ ಬದಿಯಲ್ಲಿ ಕುಳಿತು ವಾಂತಿ ಮಾಡಿಕೊಳ್ಳುತ್ತಿದ್ದ ಒಬ್ಬ ಮಧ್ಯವಯಸ್ಕರನ್ನು ನಾನೂ ಹೀಗೆಯೆ ದಾಟಿ ಬಂದಿದ್ದೆ. ಅರವಟ್ಟಿಗೆಯಲ್ಲಿ ಯಾರಾದರೂ ನೋಡಿಕೊಳ್ಳುತ್ತಾರೆಂದು ಸಮಾಧಾನ ಮಾಡಿಕೊಂಡಿದ್ದೆ. ನನ್ನ ಗಡಿಯಾರ ಆಗ ಬಹಳ ಚೆನ್ನಾಗಿ ಓಡುತ್ತಿತ್ತು.

ಅಷ್ಟರಲ್ಲಿ ತೋಟದ ಕೆಳಗಿನಿಂದ, ನಾನು ಏದುಸಿರು ಬಿಡುತ್ತ ಹತ್ತಿದ ಅದೇ ಏರನ್ನು, ತಲೆಯ ಮೇಲೆ ಸೌದೆ ಹೊರೆ ಹೊತ್ತ ಹೆಂಗಸೊಬ್ಬಳು ಹತ್ತಿ ಬಂದಳು. ವಯಸ್ಸು ನನ್ನ ತಾಯಿಗಿಂತ ಹೆಚ್ಚಿರಬೇಕು. ಕಾಲಿನಲ್ಲಿ ಹವಾಯಿ ಚಪ್ಪಲಿ. ನನ್ನನ್ನೂ ನನ್ನ ಎದೆಯ ಮೇಲಿನ ಸಂಖ್ಯೆಯ ಚೀಟಿಯನ್ನೂ ನೋಡಿ, “ಯಾಕ್ ತಮ್ಮಾ, ಯಾರಾದ್ರೂ ಅಟ್ಟಿಸ್ಕಂಡು ಬಂದ್ರಾ?” ಎಂದು ಕೇಳಿದಳು.

“ಇಲ್ಲಮ್ಮ, ಇದು ಓಟದ ಪಂದ್ಯ,” ಎಂದೆ.

“ಹಂಗಾರೆ ದುಡ್ಡು ಕೊಡ್ತಾರೇನೋ.”

“ಇಲ್ಲ, ನಾವೇ ಕೊಟ್ಟು ಓಡ್ತೀವಿ.”

ಆಕೆ ಹೊರೆಯನ್ನು ಕೆಳಗಿಳಿಸಿದಳು. ನನಗೆ ಸಹಾಯ ಮಾಡುವುದಕ್ಕೆಂದು ಭಾವಿಸಿದೆ. ನಗುವುದಕ್ಕೆಂದು ಆಮೇಲೆ ತಿಳಿಯಿತು. ಹೊಟ್ಟೆ ತುಂಬ ನಕ್ಕಾದ ಮೇಲೆ ನನ್ನ ಕಾಲನ್ನು ಹಿಡಿದು ನೋಡಿ, ಮೂಳೆಗೆ ಏನೂ ಆಗಿಲ್ಲವೆಂದು ಹೇಳಿ, ಹೊರೆಯ ಕೆಳಗೆ ಸಿಂಬೆ ಮಾಡಿಟ್ಟುಕೊಂಡಿದ್ದ ಟವೆಲನ್ನು ಬಿಚ್ಚಿ ಹರಡಿನ ಸುತ್ತ ಬಿಗಿಯಾಗಿ ಕಟ್ಟಿದಳು. ಸೌದೆಯನ್ನು ಅಲ್ಲಿಯೆ ಬಿಟ್ಟು, ನನ್ನನ್ನು ಭುಜದ ಮೇಲೆ ಆನಿಸಿಕೊಂಡು, ಜೀಪು ಬರುವ ದಾರಿಯವರೆಗೆ ನಡೆಸಿಕೊಂಡು ಹೋದಳು. ಅರ್ಧ ಗಂಟೆಗೂ ಮೇಲೆ ಹಿಡಿಯಿತು. ದಾರಿಯುದ್ದಕ್ಕೂ ಆಕೆ ಮಾತಾಡುತ್ತಿದ್ದಳು: ಯಾವ ಹಳ್ಳದಲ್ಲಿ ಮಳೆಗಾಲದಲ್ಲಿ ಇಂಬಳ ಹೆಚ್ಚು, ಯಾವ ತಿರುವಿನಲ್ಲಿ ಆನೆ ದಾಟುತ್ತದೆ, ಕಾಫಿ ಹಣ್ಣು ಕುಯ್ಯುವ ಕಾಲ ಬಂದರೆ ಹೇಗೆ ಸೌದೆಗೆ ಬರಲು ಬಿಡುವಿರುವುದಿಲ್ಲ, ಈ ಏರಿನಲ್ಲಿ ಹೆಜ್ಜೆಯನ್ನು ಹೇಗೆ ಅಡ್ಡಡ್ಡಲಾಗಿ ಇಡಬೇಕು. ಹದಿನೆಂಟು ಕಿಲೋಮೀಟರಿನಲ್ಲಿ ನಾನು ಆ ಬೆಟ್ಟದ ವಿಷಯವಾಗಿ ತಿಳಿದುಕೊಂಡುದಕ್ಕಿಂತ ಆ ಅರ್ಧ ಗಂಟೆಯಲ್ಲಿ ತಿಳಿದುಕೊಂಡುದು ಹೆಚ್ಚು.

ಜೀಪು ಬಂತು, ಹತ್ತಿಸಿದಳು, ಸೌದೆಯ ಕಡೆಗೆ ಹಿಂದಿರುಗಿ ಹೋದಳು. ಊರಿಗೆ ಬಂದು ಕಾಲಿನ ಕಟ್ಟು ಬಿಚ್ಚುವಾಗ ನೆನಪಾಯಿತು, ಆಕೆಯ ಹೆಸರನ್ನು ನಾನು ಕೇಳಲೇ ಇಲ್ಲವೆಂದು. ಹದಿನೇಳನೆಯ ಕಿಲೋಮೀಟರನ್ನು ಎಷ್ಟು ನಿಮಿಷ ಎಷ್ಟು ಸೆಕೆಂಡುಗಳಲ್ಲಿ ಓಡಿದೆನೆಂಬುದು ಮಾತ್ರ ಇಂದಿಗೂ ನನ್ನ ಗಡಿಯಾರದಲ್ಲಿ ಉಳಿದಿದೆ.

ಈ ಓಟಗಳ ಪ್ರಕಟಣೆಗಳಲ್ಲಿ ‘ರಮಣೀಯ ದೃಶ್ಯಗಳ ನಡುವೆ’ ಎಂಬ ಮಾತು ತಪ್ಪದೆ ಇರುತ್ತದೆ. ಬೆಟ್ಟ ಓಟಗಾರನಿಗೆ ದೃಶ್ಯ. ಅಲ್ಲಿರುವವರಿಗೆ ಮನೆ, ಕೆಲಸ, ನೀರು. ನಮ್ಮ ಪಶ್ಚಿಮ ಘಟ್ಟಗಳನ್ನು ೨೦೧೨ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅಲ್ಲಿನ ಎತ್ತರದ ಹುಲ್ಲುಗಾವಲೂ ಕಣಿವೆಗಳ ಮಡಿಲಿನ ಶೋಲಾ ಕಾಡೂ ಸೇರಿ ಮಳೆನೀರನ್ನು ಹೀರಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವುದು ಇಂಥ ನೆಲದಲ್ಲಿಯೆ. ಸಾವಿರ ಜೊತೆ ಬೂಟುಗಳು ಒಂದೇ ಬೆಳಿಗ್ಗೆ ಆ ಹುಲ್ಲಿನ ಮೇಲೆ ಹಾದರೆ ಹುಲ್ಲು ಕಿತ್ತು, ಮಣ್ಣು ಸಡಿಲವಾಗಿ, ಮುಂದಿನ ಮಳೆಗೆ ಕಾಲುದಾರಿಯು ಕೊರಕಲಾಗುತ್ತದೆ. ೨೦೨೪ರ ಜನವರಿಯಲ್ಲಿ, ಗಣರಾಜ್ಯ ದಿನದ ರಜೆಯಲ್ಲಿ, ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೆ ನುಗ್ಗಿ, ಬೆಟ್ಟದ ದಾರಿಯು ಜಾತ್ರೆಯ ಬೀದಿಯಂತಾದ ಚಿತ್ರಗಳನ್ನು ನಾವೆಲ್ಲ ನೋಡಿದೆವು. ಅದಾದ ಮೇಲೆ ಸರ್ಕಾರವು ಚಾರಣಕ್ಕೆ ಆನ್‌ಲೈನ್ ನೋಂದಣಿಯನ್ನೂ ದಿನಕ್ಕೆ ಇಷ್ಟೇ ಜನರೆಂಬ ಮಿತಿಯನ್ನೂ ತರಬೇಕಾಯಿತು. ಮಿತಿಯನ್ನು ನಾವೆ ಇಟ್ಟುಕೊಂಡಿದ್ದರೆ ಸರ್ಕಾರ ಇಡಬೇಕಾಗುತ್ತಿರಲಿಲ್ಲ.

ಬೆಟ್ಟಕ್ಕೆ ಹೋಗುವುದು ಹೇಗೆಂಬುದಕ್ಕೆ ಕನ್ನಡದಲ್ಲಿಯೆ ನಮಗೊಬ್ಬ ಗುರುವಿದ್ದಾರೆ. ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡುಗಳನ್ನು ಸುತ್ತಿದ ಕಥೆಯೆ ‘ಹಸುರು ಹೊನ್ನು’. ಅದಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗಿಡದ ಹೆಸರು ತಿಳಿದವನಿಗೆ ಕಾಡು ಬರಿಯ ಹಸುರಾಗಿ ಕಾಣುವುದಿಲ್ಲ. ಪರಿಚಿತರಿಂದ ತುಂಬಿದ ಬೀದಿಯಂತೆ ಕಾಣುತ್ತದೆ. ಓಡುವವನಿಗೆ ಇದು ಅಸಾಧ್ಯವೆಂದು ಕೆಲವರು ಹೇಳಬಹುದು. ಅಸಾಧ್ಯವಲ್ಲ. ಮೊದಲು ನಡೆದು ಪರಿಚಯ ಮಾಡಿಕೊಂಡು ಆಮೇಲೆ ಓಡಬಹುದು. ಪರಿಚಯವಿಲ್ಲದ ಮನೆಯೊಳಗೆ ಓಡಿಕೊಂಡು ಹೋಗುವವನನ್ನು ಲೋಕವು ಬೇರೆ ಹೆಸರಿನಿಂದ ಕರೆಯುತ್ತದೆ.

ಅಪಾಯದ ಮಾತನ್ನೂ ಆಡಬೇಕು. ೨೦೨೧ರ ಮೇ ೨೨ರಂದು ಚೀನಾ ದೇಶದ ಗಾನ್ಸು ಪ್ರಾಂತದಲ್ಲಿ ನೂರು ಕಿಲೋಮೀಟರಿನ ಒಂದು ಬೆಟ್ಟದ ಓಟ ನಡೆಯಿತು. ಓಡಿದವರು ೧೭೨ ಮಂದಿ. ಬಹುಮಂದಿ ತೆಳುವಾದ ಅಂಗಿ, ಗಿಡ್ಡ ಚಡ್ಡಿ ತೊಟ್ಟಿದ್ದರು. ಎತ್ತರದ ಬೋಳು ನೆಲದಲ್ಲಿದ್ದಾಗ ಒಮ್ಮೆಗೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ. ಚಳಿಯಿಂದ ೨೧ ಮಂದಿ ಸತ್ತರು. ಅವರಲ್ಲಿ ಹೆಸರಾಂತ ಓಟಗಾರರೂ ಇದ್ದರು. ಅದೇ ಬೆಟ್ಟದಲ್ಲಿ ಕುರಿ ಮೇಯಿಸುತ್ತಿದ್ದ ಜು ಕೆಮಿಂಗ್ ಎಂಬ ಕುರಿಗಾಹಿಯು ಗವಿಯೊಂದರಲ್ಲಿ ಬಟ್ಟೆ, ಆಹಾರಗಳನ್ನು ಮುಂಚಿತವಾಗಿ ಕೂಡಿಟ್ಟಿದ್ದನು. ಆರು ಮಂದಿ ಓಟಗಾರರನ್ನು ಆ ಗವಿಗೆ ಸೇರಿಸಿ, ಬೆಂಕಿ ಹಾಕಿ, ಬದುಕಿಸಿದನು. ಒಂದೇ ಬೆಟ್ಟ, ಒಂದೇ ಮಳೆ. ವೇಗ ಬಲ್ಲವರು ಉಳಿಯಲಿಲ್ಲ. ಬೆಟ್ಟವನ್ನು ಬಲ್ಲವನು ತಾನೂ ಉಳಿದು ಆರು ಜನರನ್ನು ಉಳಿಸಿದನು. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆಂದು ಭೂಗೋಳದ ಪಾಠದಲ್ಲಿ ನಾವು ಓದಿದ್ದೇವೆ. ಓದಿದುದನ್ನು ಚೀಲಕ್ಕೆ ಹಾಕಿಕೊಂಡು ಹೋಗುವವರು ಕಡಿಮೆ.

ಕೆಲವು ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕು. ಮೊದಲನೆಯದು, “ಹೆಣ್ಣುಮಕ್ಕಳಿಗೆ ಬೆಟ್ಟದ ಓಟ ತಕ್ಕುದೆ?” ಎಂಬುದು. ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮ್ಯಾರಥಾನ್ ಓಡಲು ಅವಕಾಶ ದೊರೆತುದು ೧೯೮೪ರಲ್ಲಿ, ಗಂಡಸರು ಓಡಿದ ೮೮ ವರ್ಷಗಳ ಮೇಲೆ. ತಡವಾದುದಕ್ಕೆ ಕಾರಣ ಹೆಂಗಸರ ಕಾಲಲ್ಲ, ಗಂಡಸರ ತಲೆ. ೨೦೧೭ರಲ್ಲಿ ಮೆಕ್ಸಿಕೋ ದೇಶದ ಮರಿಯಾ ಲೊರೆನಾ ರಾಮಿರೆಸ್ ಎಂಬ ಬೆಟ್ಟದ ಬುಡಕಟ್ಟಿನ ತರುಣಿಯು ಐವತ್ತು ಕಿಲೋಮೀಟರಿನ ಓಟವೊಂದನ್ನು, ತನ್ನ ಜನರ ಲಂಗವನ್ನುಟ್ಟು, ರಬ್ಬರಿನ ಚಪ್ಪಲಿ ಮೆಟ್ಟಿ ಓಡಿ, ಹೆಂಗಸರಲ್ಲಿ ಮೊದಲನೆಯವಳಾದಳು. ಹವಾಯಿ ಚಪ್ಪಲಿಯಲ್ಲಿ ಸೌದೆ ಹೊತ್ತು ಏರು ಹತ್ತಿದ ನಮ್ಮ ತಾಯಿಯನ್ನು ಕಂಡ ಮೇಲೆ ನನಗೆ ಇದರಲ್ಲಿ ಆಶ್ಚರ್ಯವೇನೂ ತೋರಲಿಲ್ಲ. ಎರಡನೆಯದು, “ಓದುವ ಹುಡುಗರಿಗೆ ಇದೇಕೆ?” ಎಂಬುದು. ಹಾಜರಾತಿಯ ಪುಸ್ತಕದಲ್ಲಿ ಹೆಸರಿದ್ದು ಗ್ರಂಥಾಲಯದಲ್ಲಿ ಆಕಳಿಸುವ ವಿದ್ಯಾರ್ಥಿಗೆ ಓಟವು ಓದಿನ ಶತ್ರುವಲ್ಲ. ದೂರದ ಓಟ ಕಲಿಸುವ ಮುಖ್ಯ ಪಾಠವೆ ಓದಿಗೂ ಬೇಕಾದುದು: ಕೊನೆಯ ವಾರದಲ್ಲಿ ಮಾಡಿದ ಸಿದ್ಧತೆಯಿಂದ ಏನೂ ಆಗುವುದಿಲ್ಲವೆಂಬುದು. ಬೆಟ್ಟಕ್ಕೆ ಗೈಡು ಪುಸ್ತಕವಿಲ್ಲ. ಇದ್ದರೂ ಅದನ್ನು ಓದಿ ಕಾಲು ಗಟ್ಟಿಯಾಗುವುದಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಬರಿಯ ಟೀಕೆ ಮಾಡಿ ಕೈ ತೊಳೆದುಕೊಳ್ಳುವುದು ಲೇಖಕನಿಗೆ ಸುಲಭ. ಆದುದರಿಂದ ಒಂದು ಸೂಚನೆಯನ್ನು ಪ್ರಾಂಶುಪಾಲರ ಮತ್ತು ದೈಹಿಕ ಶಿಕ್ಷಣದ ಅಧ್ಯಾಪಕರ ಪರಿಶೀಲನೆಗೆ ಇಡುತ್ತೇನೆ. ನಮ್ಮ ಕಾಲೇಜು ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಒಂದು ಬೆಟ್ಟದ ಓಟವನ್ನು ನಡೆಸಲಿ. ಇದಕ್ಕೆ ಹಿಮಾಲಯ ಬೇಡ, ಘಟ್ಟವೂ ಬೇಡ. ಮಾಗಡಿಯ ಬಸ್ಸಿನಲ್ಲಿ ಹೋಗಿ ಸಂಜೆಗೆ ಹಿಂದಿರುಗಬಹುದಾದ ಸಾವನದುರ್ಗವಿದೆ. ಬಂಡೆಯ ಮೇಲಲ್ಲ, ಅದು ಅಪಾಯ. ಬುಡವನ್ನು ಬಳಸಿ ಹೋಗುವ ಹಳ್ಳಿದಾರಿಯಲ್ಲಿ, ಅರಣ್ಯ ಇಲಾಖೆಯ ಅನುಮತಿ ಬೇಕಾದ ಕಡೆ ಅದನ್ನು ಪಡೆದು, ಹತ್ತೋ ಹದಿನೈದೋ ಕಿಲೋಮೀಟರು ಓಡಿದರೆ ಸಾಕು. ಮ್ಯಾರಥಾನ್ ದೂರವನ್ನು ಮುಂದೆ ಬೇಕಾದವರು ಓಡಲಿ.

ಅದಕ್ಕೆ ನಾಲ್ಕೇ ನಿಯಮಗಳಿರಲಿ. ಮೊದಲನೆಯದು: ಓಡುವುದು ಐದೈದು ಜನರ ತಂಡಗಳಾಗಿ, ತಂಡದಲ್ಲಿ ಕಡೆಗೆ ಬಂದವರ ವೇಳೆಯೇ ಇಡೀ ತಂಡದ ವೇಳೆ. ಈ ಒಂದು ನಿಯಮದಿಂದ, ಬಿದ್ದವನನ್ನು ದಾಟಿ ಓಡುವುದು ಲಾಭವಿಲ್ಲದ ವ್ಯವಹಾರವಾಗುತ್ತದೆ. ಬಲಶಾಲಿಯ ಬಲ ದುರ್ಬಲನನ್ನು ತರುವುದಕ್ಕೆ ವಿನಿಯೋಗವಾಗುತ್ತದೆ. ಎರಡನೆಯದು: ಶುಲ್ಕವಿಲ್ಲ, ಪದಕವಿಲ್ಲ, ಪ್ಲಾಸ್ಟಿಕ್ ಲೋಟವಿಲ್ಲ, ನೀರಿನ ಸೀಸೆಯನ್ನು ಅವರವರೆ ಹೊತ್ತು ಹೊತ್ತುದನ್ನೆಲ್ಲ ಹಿಂದಕ್ಕೆ ತರಬೇಕು. ಮೂರನೆಯದು: ಓಟದ ಹಿಂದಿನ ವಾರ ಅದೇ ದಾರಿಯಲ್ಲಿ ಎಲ್ಲರೂ ನಡೆಯಬೇಕು. ಭೂಗೋಳದ ಅಧ್ಯಾಪಕರು ಬಂಡೆಯ ವಿಷಯ ಹೇಳಲಿ. ಚರಿತ್ರೆಯ ಅಧ್ಯಾಪಕರು ೧೭೯೧ರ ಡಿಸೆಂಬರಿನಲ್ಲಿ ಇಂಗ್ಲಿಷರು ಈ ದುರ್ಗವನ್ನು ಟಿಪ್ಪುವಿನ ಸೈನ್ಯದಿಂದ ಹೇಗೆ ಕಿತ್ತುಕೊಂಡರೆಂದು ಹೇಳಲಿ. ಊರಿನ ಕುರಿಗಾಹಿಯೊಬ್ಬನೋ ಸೌದೆ ತರುವ ತಾಯಿಯೊಬ್ಬಳೋ ಉಳಿದುದನ್ನು ಹೇಳಲಿ. ಅವರನ್ನು ಅಂದಿನ ಅತಿಥಿ ಉಪನ್ಯಾಸಕರೆಂದು ಭಾವಿಸಿ, ಕಾಲೇಜಿನ ಖರ್ಚಿನಲ್ಲಿ ಸಂಭಾವನೆ ಕೊಡಬೇಕು. ನಾಲ್ಕನೆಯದು: ಪ್ರತಿ ತಂಡದಲ್ಲಿ ಒಂದು ಸೀಟಿ, ಒಂದು ಬ್ಯಾಂಡೇಜು, ಎಲ್ಲರಿಗೂ ಮೈಮುಚ್ಚುವ ಒಂದು ಹೊದಿಕೆ, ಆಕಾಶ ಕೆಟ್ಟರೆ ಓಟ ರದ್ದು. ರದ್ದು ಮಾಡಿದುದಕ್ಕೆ ಯಾರೂ ಯಾರನ್ನೂ ಹೇಡಿಯೆನ್ನಬಾರದು.

ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ತ್ಯಾಗರಾಜನಗರದ ಸುತ್ತಮುತ್ತ ಬೆಟ್ಟಗಳಿಗೆ ಬರವೆಲ್ಲಿದೆ? ಕಹಳೆ ಬಂಡೆಯಿದೆ, ಹನುಮಂತನಗರದ ರಾಮಾಂಜನೇಯ ಗುಡ್ಡವಿದೆ, ಕುಮಾರಸ್ವಾಮಿ ದೇವಸ್ಥಾನದ ಮೆಟ್ಟಿಲುಗಳಿವೆ, ಸ್ವಲ್ಪ ಆಚೆಗೆ ಲಾಲ್‌ಬಾಗಿನ ಬಂಡೆಯಿದೆ, ಅದಕ್ಕೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು. ಮೂರು ತಿಂಗಳು ವಾರಕ್ಕೆ ನಾಲ್ಕು ದಿನ ಈ ಮೆಟ್ಟಿಲುಗಳನ್ನು ಹತ್ತಿ ಇಳಿದವನಿಗೆ ಸಾವನದುರ್ಗದ ಸುತ್ತಿನ ದಾರಿ ಕಷ್ಟವಾಗದು. ಹತ್ತುವಾಗ ಮಾತನಾಡಲು ಉಸಿರು ಉಳಿದಿರಬೇಕೆಂಬುದೊಂದೆ ವೇಗದ ಅಳತೆ. ಮಾತನಾಡಲು ಜೊತೆಗೊಬ್ಬರು ಇರಬೇಕೆಂಬುದು ಅದರೊಳಗೇ ಬಂತು.

ಬೆಳಿಗ್ಗೆ ಐದೂವರೆಗೆ ನಾನು ಅಭ್ಯಾಸಕ್ಕೆ ಹೊರಟಾಗ ನಮ್ಮ ಬಡಾವಣೆಯ ರಸ್ತೆಯಲ್ಲಿ ಆಗಲೆ ಒಬ್ಬ ಓಡುತ್ತಿರುತ್ತಾನೆ. ಅವನು ಪತ್ರಿಕೆ ಹಾಕುವ ಹುಡುಗ. ಲಿಫ್ಟಿಲ್ಲದ ಮೂರು ಮಹಡಿಯ ಮನೆಗಳನ್ನು ಎರಡೆರಡು ಮೆಟ್ಟಿಲು ಹಾರುತ್ತ ಹತ್ತಿ ಇಳಿಯುತ್ತಾನೆ. ಅವನ ವೇಳೆಯನ್ನು ಯಾರೂ ಗುರುತಿಟ್ಟಿಲ್ಲ. ಮೊದಲೆಲ್ಲ ಅವನನ್ನು ದಾಟಿಕೊಂಡು ಹೋಗುತ್ತಿದ್ದೆ. ಈಗ ಹೆಸರು ಕೇಳಿದ್ದೇನೆ; ನಮ್ಮ ರಸ್ತೆಯ ಕೊನೆಯವರೆಗೆ ಜೊತೆಯಲ್ಲಿ ಓಡುತ್ತೇವೆ. ಮೆಟ್ಟಿಲುಗಳಲ್ಲಿ ಅವನೇ ಮುಂದು.

ಆ ಕಾಫಿ ಸೀಮೆಯ ತಾಯಿಯ ಟವೆಲು ಇನ್ನೂ ನನ್ನ ಬಳಿಯಲ್ಲಿದೆ. ಒಗೆದು ಮಡಿಸಿಟ್ಟಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಕೊಟ್ಟು ಬರುವುದಕ್ಕೆ ಹೋಗುವವನಿದ್ದೇನೆ, ಓಡಿಕೊಂಡಲ್ಲ, ಬಸ್ಸಿನಲ್ಲಿ. ಆ ಏರನ್ನು ಈ ಬಾರಿ ನಡೆದು ಹತ್ತುವೆನು. ಬೆಟ್ಟ ಹತ್ತಿರದಿಂದ ನುಣ್ಣಗಿಲ್ಲವೆಂಬುದು ನನ್ನ ಕಾಲಿಗೆ ಗೊತ್ತಾಗಿದೆ. ಅಲ್ಲಿ ಯಾರಿದ್ದಾರೆಂಬುದನ್ನು ಕೇಳಿ ತಿಳಿದು ಬರಬೇಕಾಗಿದೆ.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ